ದುಡ್ಡು ಬ್ಯಾಂಕಲ್ಲಿದೆ, ಹುಡುಗ್ರು ಊರಲ್ಲಿಲ್ಲ

ಮಾರ್ಚ್ ತಿಂಗಳ ಕೊನೆಯ ವಾರ ಬಂತು ಅಂದ್ರೆ ನನಗೆ ಊರಿಂದ ಒಂದು ಫೋನ್ ಗ್ಯಾರಂಟಿ. ಲಂಡನ್ನಿನಲ್ಲಿ ಆಗ ಬೆಳಿಗ್ಗೆ ಆರು ಗಂಟೆ. ಹ್ಯಾರೋದ ನಮ್ಮ ಮನೆಯ ಹೀಟರ್ ಆಗಷ್ಟೇ ಕಟಕಟ ಅಂತ ಶುರುವಾಗಿರುತ್ತೆ. ಇಷ್ಟು ಹೊತ್ತಿಗೆ ಊರಿನ ನಂಬರ್ ಕಂಡ್ರೆ ಎದೆ ಧಸಕ್ ಅನ್ನುತ್ತೆ, ಅಮ್ಮನಿಗೇನಾದ್ರೂ ಆಯ್ತಾ ಅಂತ. ಎತ್ತಿದ್ರೆ ಬ್ಯಾಂಕ್ ಮ್ಯಾನೇಜರು!

"ಸಾರ್, ನಮಸ್ಕಾರ. ಇಯರ್ ಎಂಡ್ ಅಲ್ವಾ... ಡೆಪಾಸಿಟ್ ಟಾರ್ಗೆಟ್‌ಗೆ ಸ್ವಲ್ಪ ಕಮ್ಮಿ ಬಿದ್ದಿದೆ. ನಿಮ್ಮ ಕಡೆಯಿಂದ ಏನಾದ್ರೂ ಮಾಡಿ ಸಾರ್. ಬೇಕಾದ್ರೆ ಏಪ್ರಿಲ್‌ನಲ್ಲಿ ವಾಪಸ್ ತಗೊಳ್ಳಿ."

ಪಾಪ, ಅವರ ತಪ್ಪಿಲ್ಲ. ಮೇಲಿನವರು ಕೇಳ್ತಾರೆ, ಇವರು ನಮ್ಮನ್ನ ಕೇಳ್ತಾರೆ. ಮೂರು ವರ್ಷಕ್ಕೊಮ್ಮೆ ಮ್ಯಾನೇಜರ್ ಬದಲಾಗ್ತಾರೆ, ಮಾತು ಮಾತ್ರ ಅದೇ. ನಾನೂ ದಾಕ್ಷಿಣ್ಯಕ್ಕೆ ಅಂತ ಒಂದಿಷ್ಟು ಕಳಿಸೋದುಂಟು. ಆಮೇಲೆ ಯಾವತ್ತೋ ಒಂದು ದಿನ ಪೇಪರ್ ನೋಡಿದ ಅಮ್ಮ ಫೋನಿನಲ್ಲಿ ಹೇಳ್ತಾರೆ: "ನಮ್ಮ ಜಿಲ್ಲೆಯಲ್ಲಿ ಬ್ಯಾಂಕ್ ಠೇವಣಿ ಇಷ್ಟು ಸಾವಿರ ಕೋಟಿ ಆಯ್ತಂತೆ ಮಗಾ. ಊರು ಬಹಳ ಮುಂದೆ ಬಂತು."

ಊರು ಮುಂದೆ ಬಂತಾ? ಈ ಪ್ರಶ್ನೆ ಸುಮಾರು ವರ್ಷದಿಂದ ನನ್ನ ತಲೆ ತಿನ್ತಾ ಇದೆ. ಇವತ್ತು ಬರೆದು ಮುಗಿಸಿಬಿಡೋಣ ಅಂತ.

* * *

ಒಂದು ಜಿಲ್ಲೆಯ ಆರ್ಥಿಕ ಸ್ಥಿತಿ ಹೇಗಿದೆ ಅಂತ ತಿಳಿಯೋದು ಸುಲಭ ಅಲ್ಲ. ಜಿಲ್ಲಾ ಮಟ್ಟದ ಉತ್ಪನ್ನದ ಲೆಕ್ಕ ತಡವಾಗಿ ಬರುತ್ತೆ, ಅದರಲ್ಲೂ ಅಂದಾಜೇ ಹೆಚ್ಚು. ಆದರೆ ಬ್ಯಾಂಕಿನ ಲೆಕ್ಕ ಹಾಗಲ್ಲ. ಪೈಸೆ ಪೈಸೆಗೂ ದಾಖಲೆ ಇರುತ್ತೆ. ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಜಿಲ್ಲಾವಾರು ಠೇವಣಿ ಎಷ್ಟು, ಸಾಲ ಎಷ್ಟು ಅಂತ ಪ್ರಕಟಿಸುತ್ತೆ. ಹಾಗಾಗಿ ರಾಜಕಾರಣಿಗಳಿಂದ ಹಿಡಿದು ನಮ್ಮಮ್ಮನ ತನಕ ಎಲ್ಲರಿಗೂ ಠೇವಣಿಯೇ ಥರ್ಮಾಮೀಟರು. ಏರಿದ್ರೆ ಊರು ಉದ್ಧಾರ, ಇಳಿದ್ರೆ ಊರು ಹಾಳು.

ನನ್ನ ವಾದ ಇಷ್ಟೇ: ಈ ಥರ್ಮಾಮೀಟರ್ ಸುಳ್ಳು ಹೇಳಲ್ಲ, ಆದರೆ ನಾವು ಅಂದುಕೊಂಡ ಜಾಗದ ಜ್ವರವನ್ನ ಅದು ಅಳೀತಾ ಇಲ್ಲ. ನಮ್ಮ ಕರಾವಳಿಯ ಮಟ್ಟಿಗಂತೂ ಠೇವಣಿ ಅನ್ನೋದು ಊರಿನ ಹಾಜರಿ ಪುಸ್ತಕ ಅಲ್ಲ, ಗೈರುಹಾಜರಿ ಪುಸ್ತಕ. ಯಾರ್ಯಾರು ಊರು ಬಿಟ್ಟು ಹೋದರು, ಎಷ್ಟು ದೂರ ಹೋದರು ಅಂತ ಅದರಲ್ಲಿ ಬರೆದಿರುತ್ತೆ.

* * *

ಹಾಗಂತ ನಮ್ಮೂರಿಗೆ ಬ್ಯಾಂಕು ಹೊಸತೇನಲ್ಲ. ಬ್ಯಾಂಕಿಂಗಿನ ತೊಟ್ಟಿಲು ಅಂತಲೇ ಹೆಸರು. 1906ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದಾಗ ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು, ಅದೇ ಇವತ್ತಿನ ಕೆನರಾ ಬ್ಯಾಂಕು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಎ. ಬಿ. ಶೆಟ್ಟರ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಿಂದ ಐದು! ಇಂಥ ಜಿಲ್ಲೆ ದೇಶದಲ್ಲಿ ಇನ್ನೊಂದಿದ್ರೆ ನೀವೇ ಹೇಳಿ.

ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಸಿಂಡಿಕೇಟಿನ ಕತೆ. ಆಗ ಕೈಮಗ್ಗದವರಿಗೆ ಬಹಳ ಕಷ್ಟದ ಕಾಲ. ಆ ನೇಕಾರರಿಗೆ ಕೈಸಾಲ ಕೊಡೋದಕ್ಕೆ ಅಂತಲೇ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಮೂವರೂ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದು. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಎತ್ತಿಕೊಂಡು ಹೋಗೋದು. ನಾನು ಚಿಕ್ಕವನಿದ್ದಾಗಲೂ ಸೈಕಲ್ಲಿನಲ್ಲಿ ಬರ್ತಿದ್ದ ಪಿಗ್ಮಿಯವರು ನಮ್ಮ ಪೇಟೆಯಲ್ಲಿ ಎಲ್ಲರಿಗಿಂತ ಹೆಚ್ಚು ಸುದ್ದಿ ಗೊತ್ತಿದ್ದ ಮನುಷ್ಯ. ಯಾರ ಅಂಗಡಿ ನಡೀತಿದೆ, ಯಾರದು ಮುಳುಗ್ತಿದೆ, ಯಾರ ಮನೇಲಿ ಮಗಳ ಮದುವೆ... ಎಲ್ಲ ಅವರಿಗೆ ಗೊತ್ತು. ಆವಾಗ ಬ್ಯಾಂಕಿನ ಠೇವಣಿ ನಿಜವಾಗಿಯೂ ಊರಿನ ನಾಡಿ. ಹೋಟೆಲಿನವನ ದಿನದ ವ್ಯಾಪಾರ ಕಮ್ಮಿ ಆದ್ರೆ ಪಿಗ್ಮಿ ಕಮ್ಮಿ ಆಗ್ತಿತ್ತು, ಮೀನು ಜಾಸ್ತಿ ಬಿದ್ರೆ ಪಿಗ್ಮಿ ಜಾಸ್ತಿ. ಎತ್ತಿದ ದುಡ್ಡು ಬೀಡಾ ಅಂಗಡಿಯವನಿಗೋ ನೇಕಾರನಿಗೋ ಸಾಲವಾಗಿ ಅದೇ ಬೀದಿಗೆ ವಾಪಸ್ ಬರ್ತಿತ್ತು.

ಆಮೇಲೆ ಏನೇನೋ ಆಯ್ತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ. 50 ಕೋಟಿಗಿಂತ ಹೆಚ್ಚು ಠೇವಣಿ ಇದ್ದವು ಸರ್ಕಾರಕ್ಕೆ, ಹಾಗಾಗಿ ಕೆನರಾ ಮತ್ತು ಸಿಂಡಿಕೇಟ್ ಹೋದವು. 1980ರಲ್ಲಿ ಇನ್ನಾರು, ಅದರಲ್ಲಿ ನಮ್ಮ ಕಾರ್ಪೊರೇಷನ್ ಮತ್ತು ವಿಜಯಾ. 2019ರಲ್ಲಿ ವಿಜಯಾ ಬರೋಡಾದೊಳಗೆ ಸೇರಿತು, 2020ರ ಏಪ್ರಿಲ್ ಒಂದಕ್ಕೆ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾದೊಳಗೆ. ಅತ್ತ ಭೂಸುಧಾರಣೆಯ ನಂತರ ಗದ್ದೆ ಹೋದವರು ಮುಂಬಯಿಗೆ ಹೋಟೆಲ್ ಇಡೋಕೆ ಹೋದರು, ಅವರ ಮಕ್ಕಳು ಗಲ್ಫಿಗೆ, ಅವರ ಮಕ್ಕಳು ನನ್ನ ಹಾಗೆ ಇಲ್ಲಿಗೆ. ಬ್ಯಾಂಕು ಊರು ಬಿಡ್ತು, ನಾವೂ ಊರು ಬಿಟ್ವಿ. ದುಡ್ಡು ಮಾತ್ರ ಊರಿನ ಶಾಖೆಯಲ್ಲಿದೆ.

* * *

ಈಗ ಠೇವಣಿ ಏರೋದಕ್ಕೆ ಊರಿನಲ್ಲಿ ಏನಾದ್ರೂ ಆಗಲೇಬೇಕು ಅಂತಿಲ್ಲ. ಹೇಗೆ ಅಂತ ನೋಡಿ.

ಒಂದು, ಬಡ್ಡಿ. ನೂರಕ್ಕೆ ಏಳರ ಬಡ್ಡಿಗೆ ಇಟ್ಟ ದುಡ್ಡು ಹತ್ತು ವರ್ಷ ಚಿಲ್ಲರೆಯಲ್ಲಿ ತಾನಾಗಿ ಎರಡರಷ್ಟಾಗುತ್ತೆ. ಯಾರೂ ಒಂದು ತೆಂಗಿನಕಾಯಿ ಕೀಳಬೇಕಿಲ್ಲ. "ಹತ್ತು ವರ್ಷದಲ್ಲಿ ಠೇವಣಿ ಇಮ್ಮಡಿ" ಅಂತ ಪೇಪರಿನಲ್ಲಿ ಬಂದ್ರೆ ಅದು ಬರೀ ಚಕ್ರಬಡ್ಡಿಯ ಸುದ್ದಿಯೂ ಆಗಿರಬಹುದು. ಅದರ ಮೇಲೆ ಬೆಲೆಯೇರಿಕೆ ಕಳೆದ್ರೆ ಉಳಿಯೋದು ಎಷ್ಟು, ಲೆಕ್ಕ ಹಾಕಿ.

ಎರಡು, ವಿನಿಮಯ ದರ. 2013ರ ಆಗಸ್ಟಿನಲ್ಲಿ ರೂಪಾಯಿ ಕುಸಿದು ಪೌಂಡಿಗೆ ನೂರು ದಾಟಿದಾಗ ಇಲ್ಲಿನ ನಮ್ಮವರಿಗೆಲ್ಲ ಹಬ್ಬ. ವೆಂಬ್ಲಿ, ಹೌನ್ಸ್ಲೋ, ಈಸ್ಟ್ ಹ್ಯಾಮಿನ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಇವತ್ತು ಎಷ್ಟಿದೆ ರೇಟು?" ನಾವು ಒಂದು ಪೌಂಡು ಹೆಚ್ಚು ದುಡಿದಿರಲಿಲ್ಲ, ಕುಂದಾಪುರದಲ್ಲಿ ಒಂದು ಬುಟ್ಟಿ ಮೀನು ಹೆಚ್ಚು ಬಿದ್ದಿರಲಿಲ್ಲ. ಆದರೂ ಶಾಖೆಯ ಪುಸ್ತಕದಲ್ಲಿ ಠೇವಣಿ ಏರಿತು. ದೇಶದ ರೂಪಾಯಿಗೆ ಜ್ವರ ಬಂದ್ರೆ ನಮ್ಮೂರಿನ ಠೇವಣಿಗೆ ಆರೋಗ್ಯ!

ಮೂರು, ನೋಟು ರದ್ದತಿ. 2016ರ ನವೆಂಬರ್ 8ರ ನಂತರ ಬ್ಯಾಂಕುಗಳಲ್ಲಿ ಠೇವಣಿ ಉಕ್ಕಿ ಹರೀತು. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯ ನೋಟಿನಲ್ಲಿ 15.31 ಲಕ್ಷ ಕೋಟಿ ವಾಪಸ್ ಬಂತು. ಅದೇ ತಿಂಗಳಲ್ಲಿ ಸಂತೆಯಲ್ಲಿ ತರಕಾರಿ ಮಾರುವವರು ಕೈಚೆಲ್ಲಿ ಕೂತಿದ್ರು. ಠೇವಣಿ ನೋಡಿ ಊರಿನ ಆರೋಗ್ಯ ಹೇಳೋದಾದ್ರೆ ಅದು ನಮ್ಮ ಅತಿ ಸಮೃದ್ಧಿಯ ಕಾಲ ಆಗಬೇಕಿತ್ತು.

ಅಂದ್ರೆ ಠೇವಣಿ ಒಂದನ್ನೇ ನೋಡಿದ್ರೆ ಸಾಲದು. ಅದರಲ್ಲಿ ಎಷ್ಟು ಭಾಗ ಅಲ್ಲೇ ಸಾಲವಾಗಿ ಹೋಯ್ತು ಅಂತ ನೋಡಬೇಕು. ಅದಕ್ಕೆ ಸಿ.ಡಿ. ರೇಶಿಯೋ ಅಂತಾರೆ. ನೂರು ರೂಪಾಯಿ ಠೇವಣಿಗೆ ಸಾಲ ಎಷ್ಟು ಅನ್ನೋದು. ಗ್ರಾಮೀಣ ಮತ್ತು ಅರೆಪಟ್ಟಣದ ಶಾಖೆಗಳಲ್ಲಿ ಇದು 60 ಇರಬೇಕು ಅನ್ನೋ ಗುರಿ 1980ರ ಕಾಲದ್ದು. 40ಕ್ಕಿಂತ ಕೆಳಗಿಳಿದ ಜಿಲ್ಲೆಗೆ ವಿಶೇಷ ಉಪಸಮಿತಿ ಮಾಡಿ ಅಂತ ರಿಸರ್ವ್ ಬ್ಯಾಂಕ್ 2005ರಲ್ಲಿ ಹೇಳಿತು. ಉಡುಪಿ ಜಿಲ್ಲೆಯದ್ದು ವರ್ಷಗಟ್ಟಲೆ ಐವತ್ತರ ಆಸುಪಾಸಿನಲ್ಲೇ ತೆವಳಿದೆ. ಐದು ಬ್ಯಾಂಕು ಹೆತ್ತ ನಾಡಿನಲ್ಲಿ, ಇಟ್ಟ ನೂರರಲ್ಲಿ ಅರ್ಧ ಬೇರೆ ಊರಿಗೆ!

* * *

ಇಲ್ಲಿ ಬ್ಯಾಂಕಿನವರ ಮಾತನ್ನೂ ಕೇಳಬೇಕು. ನನ್ನ ಕಸಿನ್ನಿನ ಮಾವ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಅವರು ಹೋದ ಸಲ ಸಿಕ್ಕಾಗ ನನ್ನನ್ನ ಸರಿಯಾಗಿ ತರಾಟೆಗೆ ತಗೊಂಡ್ರು. "ಎಂತ ಮಾರಾಯ್ರೆ, ಸಾಲ ಕೇಳುವ ಜನ ಊರಲ್ಲಿ ಇದ್ದರಲ್ವಾ ಕೊಡೋದು? ದೊಡ್ಡ ಗಿರಾಕಿಗಳೆಲ್ಲ ಬೆಂಗಳೂರು, ಮುಂಬಯಿಯಲ್ಲಿ ಸಾಲ ಮಾಡ್ತಾರೆ. ಸೊಸೈಟಿಯ ಸಾಲ ಈ ಲೆಕ್ಕಕ್ಕೇ ಬರೋದಿಲ್ಲ. ಮತ್ತೆ ಅನುಪಾತ ಹೆಚ್ಚಿದ್ದ ಕೂಡಲೇ ಒಳ್ಳೇದಾ? ರಾಯಚೂರು, ಕೊಪ್ಪಳದಲ್ಲಿ ನಮಗಿಂತ ಜಾಸ್ತಿ ಇದೆ. ಹಾಗಾದ್ರೆ ಅವರು ನಮಗಿಂತ ಶ್ರೀಮಂತರಾ? ಉಳಿತಾಯಕ್ಕೆ ದುಡ್ಡಿಲ್ಲ, ಬೆಳೆಸಾಲ ಮಾತ್ರ ಉಂಟು."

ಒಪ್ಪಬೇಕಾದ ಮಾತು. ಇನ್ನೊಂದು ಸೂಕ್ಷ್ಮನೂ ಇದೆ. ಠೇವಣಿ ಬಂದ ಮೇಲೆ ಬ್ಯಾಂಕು ಸಾಲ ಕೊಡುತ್ತೆ ಅಂತ ನಾವೆಲ್ಲ ಓದಿದ್ದು. ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ಬುಲೆಟಿನ್ನಿನಲ್ಲಿ ಸ್ಪಷ್ಟವಾಗಿ ಬರೀತು, ವ್ಯವಹಾರದಲ್ಲಿ ಅದು ತಿರುಗಾಮುರುಗಾ ಅಂತ. ಬ್ಯಾಂಕು ಸಾಲ ಕೊಟ್ಟ ಕ್ಷಣ ಸಾಲಗಾರನ ಖಾತೆಯಲ್ಲಿ ಠೇವಣಿ ಹುಟ್ಟುತ್ತೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿಗೆ ಸಾಲ ಕೊಟ್ರೆ ಅದು ಬಿಲ್ಡರಿನ ಖಾತೆಗೆ, ಅಲ್ಲಿಂದ ಸಿಮೆಂಟಿನವನ ಖಾತೆಗೆ, ಹೀಗೆ ಅಲ್ಲೇ ಸುತ್ತುತ್ತೆ. ಅಂದ್ರೆ ಬೆಂಗಳೂರಿನ ಠೇವಣಿಯ ಒಂದು ದೊಡ್ಡ ಭಾಗ ಅಲ್ಲಿನ ಚಟುವಟಿಕೆಯೇ ಹೆತ್ತ ಮಗು. ನಮ್ಮೂರಿನದು ಹಾಗಲ್ಲ, ಹೊರಗಿಂದ ತಂದು ಮಲಗಿಸಿದ್ದು. ಎರಡಕ್ಕೂ ಹೆಸರು ಒಂದೇ, ಠೇವಣಿ.

ಲಂಡನ್ನಿನಲ್ಲೂ ಇದೇ ತಮಾಷೆ. ಕ್ಯಾನರಿ ವಾರ್ಫ್ ಗೊತ್ತಲ್ಲ, ಗಾಜಿನ ಗೋಪುರಗಳು, ಪ್ರಪಂಚದ ದೊಡ್ಡ ದೊಡ್ಡ ಬ್ಯಾಂಕುಗಳು. ಅದು ಇರೋದು ಟವರ್ ಹ್ಯಾಮ್ಲೆಟ್ಸ್ ಅನ್ನೋ ಬರೋದಲ್ಲಿ. ಅಲ್ಲಿನ ಕಂಪ್ಯೂಟರಿನಲ್ಲಿ ದಾಖಲಾಗುವ ದುಡ್ಡನ್ನ ನೋಡಿದ್ರೆ ಅಲ್ಲಿನವರೆಲ್ಲ ಕುಬೇರರಾಗಬೇಕು. ಆದರೆ ಬಡತನದಲ್ಲಿ ಬೆಳೆಯುವ ಮಕ್ಕಳ ಪ್ರಮಾಣದಲ್ಲಿ ಇಡೀ ಬ್ರಿಟನ್ನಿನಲ್ಲೇ ಮೇಲಿನ ಸಾಲಿನಲ್ಲಿರೋದು ಅದೇ ಬರೋ. ಡಿಎಲ್ಆರ್ ರೈಲಿನಲ್ಲಿ ಎರಡು ಸ್ಟಾಪ್ ಮುಂದೆ ಹೋದ್ರೆ ಸಾಕು, ಬೇರೆ ದೇಶಕ್ಕೆ ಬಂದ ಹಾಗಿರುತ್ತೆ. ದುಡ್ಡು ಎಲ್ಲಿ ಬರೆದಿದೆ ಅನ್ನೋದಕ್ಕೂ ಅದು ಎಲ್ಲಿ ಬದುಕಿದೆ ಅನ್ನೋದಕ್ಕೂ ಇಷ್ಟು ವ್ಯತ್ಯಾಸ.

* * *

ಈಗ ಹೇಳಬೇಕೋ ಬೇಡವೋ ಅಂತ ಇಷ್ಟು ದಿನ ಯೋಚಿಸ್ತಿದ್ದ ವಿಷಯಕ್ಕೆ ಬರ್ತೀನಿ.

2011ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಎನ್‌ಆರ್‌ಇ ಠೇವಣಿಯ ಬಡ್ಡಿಯನ್ನ ಬ್ಯಾಂಕುಗಳ ಇಷ್ಟಕ್ಕೆ ಬಿಟ್ಟಿತು. ರಾತ್ರೋರಾತ್ರಿ ಬಡ್ಡಿ ಒಂಬತ್ತರ ಹತ್ತಿರ ಹಾರಿತು, ಅದೂ ಭಾರತದಲ್ಲಿ ತೆರಿಗೆ ಇಲ್ಲದೆ. ಇಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ ಆಗ ಅರ್ಧ ಪರ್ಸೆಂಟ್. ಯಾರು ಬಿಡ್ತಾರೆ ಹೇಳಿ? ನಾನೂ ಹತ್ತು ಸಾವಿರ ಪೌಂಡ್ ಕಳಿಸಿದೆ. ಆಗಿನ ಲೆಕ್ಕಕ್ಕೆ ಎಂಟೂವರೆ ಲಕ್ಷದ ಹತ್ತಿರ. ಊರಿನ ಶಾಖೆಯಲ್ಲೇ ಐದು ವರ್ಷಕ್ಕೆ ಇಟ್ಟೆ.

ಅದೇ ವರ್ಷ, 2012ರಲ್ಲಿ, ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಡಿಪ್ಲೊಮಾ ಮಾಡಿದ ಹುಡುಗ, ದೋಣಿಯ ಇಂಜಿನ್ ರಿಪೇರಿಯಲ್ಲಿ ಕೈ ಪಳಗಿತ್ತು. ಬಂದರಿನ ಹತ್ತಿರ ಸ್ವಂತ ವರ್ಕ್‌ಶಾಪ್ ಹಾಕಬೇಕು, ಲೇತ್ ಮೆಷಿನ್ ತಗೋಬೇಕು, ಎಂಟು ಲಕ್ಷ ಬೇಕು. "ಅಣ್ಣ, ನೀವು ಸ್ವಲ್ಪ ಸಹಾಯ ಮಾಡಿದ್ರೆ..." ಅಂದ. ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ: "ಸಂಬಂಧಿಕರ ಹತ್ರ ಸಾಲ ಬೇಡ ಮಾರಾಯ, ಸಂಬಂಧ ಕೆಡುತ್ತೆ. ಬ್ಯಾಂಕ್ ಇರೋದು ಅದಕ್ಕೇ ಅಲ್ವಾ? ಹೋಗಿ ಕೇಳು."

ಹೋದ. ನಾಲ್ಕು ತಿಂಗಳು ಓಡಾಡಿದ. ಇವತ್ತು ಬಾ, ನಾಳೆ ಬಾ, ಆ ಪತ್ರ ತಾ, ಈ ಪತ್ರ ತಾ. ಕೊನೆಗೆ ಜಾಗ ಅಡವಿಡಬೇಕು ಅಂದ್ರು. ಜಾಗ ಏಳು ಜನರ ಹೆಸರಲ್ಲಿ, ಅದರಲ್ಲಿ ಇಬ್ಬರು ಮುಂಬಯಿಯಲ್ಲಿ, ಒಬ್ಬರು ಮಾತು ಬಿಟ್ಟವರು. ಸಣ್ಣ ಉದ್ದಿಮೆಗೆ ಹತ್ತು ಲಕ್ಷದ ತನಕ ಅಡಮಾನ ಕೇಳಬಾರದು ಅನ್ನೋ ನಿಯಮ 2010ರಿಂದಲೇ ಇತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅವನಿಗೂ ಗೊತ್ತಿರಲಿಲ್ಲ, ಹೇಳಬೇಕಾದವರು ಹೇಳಲೂ ಇಲ್ಲ. ಯಾವ ಬ್ಯಾಂಕು ಅಂತ ಬರೆಯೋಲ್ಲ, ಬೇರೆ ಬ್ಯಾಂಕಿಗೆ ಹೋಗಿದ್ರೂ ಕತೆ ಬೇರೆ ಆಗ್ತಿತ್ತು ಅನ್ನೋ ನಂಬಿಕೆ ನನಗಿಲ್ಲ.

ಆಮೇಲೆ ಫೋನಿನಲ್ಲಿ ಅವನು ನಮ್ಮ ಕುಂದಗನ್ನಡದಲ್ಲಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಅಣ್ಣ, ಅಲ್ಲಿ ದುಡ್ಡ್ ಇಡುಕೆ ಆತ್ತ್, ಕೇಂಬುಕೆ ಆತ್ತಿಲ್ಲೆ."

2013ರಲ್ಲಿ ಮಸ್ಕತ್ತಿಗೆ ಹೋದ. ಯಾರದೋ ವರ್ಕ್‌ಶಾಪಿನಲ್ಲಿ ಯಾರದೋ ಲೇತಿನ ಮುಂದೆ ನಿಂತ. ಈಗ ತಿಂಗಳು ತಿಂಗಳು ದುಡ್ಡು ಕಳಿಸ್ತಾನೆ. ಎಲ್ಲಿಗೆ ಹೇಳಿ? ಅದೇ ಶಾಖೆಗೆ. ಮಾರ್ಚ್ ಬಂದ್ರೆ ಮ್ಯಾನೇಜರು ಅವನಿಗೂ ಫೋನ್ ಮಾಡ್ತಾರೆ, "ಸಾರ್" ಅಂತ ಕರೀತಾರೆ!

ಈಗ ಲೆಕ್ಕ ನೋಡಿ. ಅವನು ಊರಲ್ಲಿ ವರ್ಕ್‌ಶಾಪ್ ಹಾಕಿದ್ರೆ ಪುಸ್ತಕದಲ್ಲಿ ಎಂಟು ಲಕ್ಷ ಸಾಲ ಅಂತ ಇರ್ತಿತ್ತು. ಇಬ್ಬರು ಹುಡುಗರಿಗೆ ಕೆಲಸ, ದೋಣಿಯವರಿಗೆ ಮಲ್ಪೆ ತನಕ ಹೋಗೋ ತಾಪತ್ರಯ ತಪ್ತಿತ್ತು, ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದಾಗ ಮಗ ಪಕ್ಕದಲ್ಲಿರ್ತಿದ್ದ. ಅವನು ಹೋದ್ದರಿಂದ ಪುಸ್ತಕದಲ್ಲಿ ಸಾಲ ಇಲ್ಲ, ಠೇವಣಿ ಇದೆ. ಪೇಪರಿನ ಪ್ರಕಾರ ಜಿಲ್ಲೆ ಪ್ರಗತಿ ಹೊಂದಿತು.

ನನ್ನ ಎಂಟೂವರೆ ಲಕ್ಷ? ಅದು ಕ್ಷೇಮವಾಗಿ ಬೆಳೀತಾ ಇತ್ತು. ಬ್ಯಾಂಕು ಅವನಿಗೆ ಕೊಡಲಿಲ್ಲ ಅಂತ ಸಿಟ್ಟು ಮಾಡಿಕೊಳ್ಳೋ ಹಕ್ಕು ನನಗೆಷ್ಟಿದೆ? ಒಂಬತ್ತು ಪರ್ಸೆಂಟಿನ ಆಸೆಗೆ ನಾನೇ ಕೊಡಲಿಲ್ಲವಲ್ಲ.

* * *

ಇನ್ನೊಂದು ಮಾತು. ನಮ್ಮಂಥವರ ಠೇವಣಿಯನ್ನ ದೇಶಪ್ರೇಮ ಅಂತ ಹೊಗಳೋರಿದ್ದಾರೆ. 1991ರ ಕತೆ ಮರೀಬಾರದು. ದೇಶದ ವಿದೇಶಿ ವಿನಿಮಯ ಬರಿದಾಗ್ತಾ ಬಂದಾಗ ಅನಿವಾಸಿಗಳು ಮಾಡಿದ್ದೇನು? ಠೇವಣಿ ಕಿತ್ತುಕೊಂಡು ಓಡಿದ್ದು. ಕೊನೆಗೆ ಆ ವರ್ಷದ ಜುಲೈಯಲ್ಲಿ ರಿಸರ್ವ್ ಬ್ಯಾಂಕು 47 ಟನ್‌ನಷ್ಟು ಚಿನ್ನವನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿನ ಹತ್ತಿರ ಒತ್ತೆ ಇಟ್ಟು 40 ಕೋಟಿ ಡಾಲರಿನಷ್ಟು ಸಾಲ ತಂದಿತು. ತ್ರೆಡ್‌ನೀಡಲ್ ಬೀದಿಯಲ್ಲಿ ಆ ಕಲ್ಲಿನ ಕಟ್ಟಡದ ಮುಂದೆ ಹೋಗುವಾಗಲೆಲ್ಲ ನನಗೆ ಅದೇ ನೆನಪು. 2013ರಲ್ಲಿ ಮತ್ತೆ ಕಷ್ಟ ಬಂದಾಗ ನಮ್ಮಿಂದಲೇ ಎಫ್‌ಸಿಎನ್‌ಆರ್ ಖಾತೆಗಳಿಗೆ 2600 ಕೋಟಿ ಡಾಲರ್ ಬಂತು ನಿಜ, ಆದರೆ ಅದು ಬಂದಿದ್ದು ರಿಸರ್ವ್ ಬ್ಯಾಂಕು ವಿನಿಮಯದ ನಷ್ಟದ ಭಾರವನ್ನ ತಾನು ಹೊತ್ತುಕೊಂಡ ಮೇಲೆ. ಲಾಭ ಇದ್ದಲ್ಲಿ ಇರುವೆ. ಇದರಲ್ಲಿ ತಪ್ಪೇನಿಲ್ಲ, ಆದರೆ ಇರುವೆಯ ಸಾಲನ್ನ ನೋಡಿ ಮನೆಯವರು ಉಂಡರು ಅಂತ ಹೇಳಬಾರದು.

ಹಾಗಾದ್ರೆ ಏನು ನೋಡಬೇಕು? ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ. ಠೇವಣಿ ಎಷ್ಟು ಅನ್ನೋದಕ್ಕಿಂತ ಅದರಲ್ಲಿ ಅನಿವಾಸಿಗಳದ್ದು ಎಷ್ಟು, ಊರಲ್ಲೇ ದುಡಿದವರದ್ದು ಎಷ್ಟು ಅಂತ ಬೇರೆ ಮಾಡಿ ಹೇಳಲಿ. ಸಾಲ ಮಂಜೂರಾದ ಜಾಗ ಅಲ್ಲ, ಬಳಕೆಯಾದ ಜಾಗದ ಲೆಕ್ಕ ಕೊಡಲಿ (ರಿಸರ್ವ್ ಬ್ಯಾಂಕು ಎರಡನ್ನೂ ಬೇರೆ ಬೇರೆ ಇಡುತ್ತೆ, ಪೇಪರಿನವರು ಕೇಳಬೇಕಷ್ಟೆ). ಹಳೇ ಸಾಲಗಾರರಿಗೆ ಮತ್ತೆ ಕೊಟ್ಟಿದ್ದು ಬಿಟ್ಟು, ಮೊದಲ ಸಲ ಉದ್ದಿಮೆ ಸಾಲ ಪಡೆದವರು ಈ ಶಾಖೆಯಲ್ಲಿ ಈ ವರ್ಷ ಎಷ್ಟು ಜನ? ನನ್ನ ಮಟ್ಟಿಗೆ ಊರಿನ ನಾಡಿ ಅಂದ್ರೆ ಈ ಒಂದು ಸಂಖ್ಯೆ.

ನಮ್ಮ ಪಾಲಿನದ್ದೂ ಇದೆ. ವಯಸ್ಸಾದ ಅಪ್ಪ ಅಮ್ಮನ ಔಷಧಿ ಖರ್ಚಿಗೆ ಇಟ್ಟ ದುಡ್ಡನ್ನ ಮುಟ್ಟಿ ಅಂತ ನಾನು ಹೇಳಲ್ಲ, ಅದು ಅಲ್ಲೇ ಇರಲಿ. ಆದರೆ ಅದರ ಮೇಲಿನದ್ದರಲ್ಲಿ ಒಂದು ಪಾಲು, ಕಳೆದುಹೋದ್ರೂ ನಿದ್ದೆಗೆಡದಷ್ಟು ಪಾಲು, ಊರಿನ ಒಬ್ಬ ಹುಡುಗನ, ಒಬ್ಬಳು ಹುಡುಗಿಯ ಬಂಡವಾಳ ಆಗಬಹುದಲ್ವಾ? ಸಂಬಂಧ ಕೆಡುತ್ತೆ ಅಂತ ಹೆದರಿ ನಾನು ಉಳಿಸಿಕೊಂಡ ಸಂಬಂಧ ಈಗ ವರ್ಷಕ್ಕೆರಡು ವಾಟ್ಸಾಪ್ ಮೆಸೇಜಿನಲ್ಲಿದೆ. ಯುಗಾದಿಗೊಂದು, ದೀಪಾವಳಿಗೊಂದು.

ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಎದುರು ದಡದಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ಊರಿಂದ ಯಾರು ಬಂದ್ರೂ ಕರ್ಕೊಂಡು ಹೋಗಿ ಫೋಟೋ ತೆಗೆಸ್ತೀವಿ. ಅವರು ಬಿಜ್ಜಳನ ಭಂಡಾರಿಯಾಗಿದ್ದವರು, ಅಂದ್ರೆ ಖಜಾನೆ ನೋಡಿಕೊಂಡವರು. ಕೂಡಿಟ್ಟದ್ದು ಎಷ್ಟು ಅಂತಲ್ಲ, ಅದು ಯಾರ ಕೈಗೆ ಮುಟ್ಟಿತು ಅಂತ ಕೇಳಿದ ಭಂಡಾರಿ. ಫೋಟೋ ತೆಗೆಸಿಕೊಳ್ಳೋದು ಸುಲಭ, ನಮಗೆ ಆ ಪ್ರಶ್ನೆ ಕೇಳೋದು ಕಷ್ಟ.

ಮುಂದಿನ ಮಾರ್ಚಿನಲ್ಲಿ ಬೆಳಿಗ್ಗೆ ಆರಕ್ಕೆ ಫೋನ್ ಬಂದಾಗ ನಾನು ಒಂದು ಮಾತು ಕೇಳಬೇಕು ಅಂತಿದ್ದೀನಿ: "ಸಾರ್, ದುಡ್ಡು ಇಡ್ತೀನಿ. ಈ ವರ್ಷ ನಮ್ಮೂರಿನ ಎಷ್ಟು ಹುಡುಗರಿಗೆ ಸಾಲ ಕೊಟ್ರಿ, ಅದು ಮೊದಲು ಹೇಳಿ." ಏನು ಉತ್ತರ ಬರುತ್ತೋ ನೋಡೋಣ. ನಿಮಗೂ ಅಂಥ ಫೋನ್ ಬರುತ್ತೆ ಅಂತ ಗೊತ್ತು. ಕೇಳಿ ನೋಡಿ.